ಓದುವುದಕ್ಕೋ, ಪೂಜೆಗೋ: ಪ್ರಜ್ಞಾಪಾರಮಿತೆಯ ಚಿತ್ರಿತ ಓಲೆಗರಿಗಳು

ಕೇಂಬ್ರಿಜ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ 'ಅಡಿಷನಲ್ 1643' ಎಂಬ ಸಂಖ್ಯೆಯ ಓಲೆಗರಿ ಕಟ್ಟೊಂದಿದೆ. 1015ರಲ್ಲಿ ನೇಪಾಳದ ಹ್ಲಾಂ ವಿಹಾರದಲ್ಲಿ ಸುಜಾತಭದ್ರನೆಂಬ ಲಿಪಿಕಾರ ಬರೆದು ಮುಗಿಸಿದ 'ಅಷ್ಟಸಾಹಸ್ರಿಕಾ ಪ್ರಜ್ಞಾಪಾರಮಿತಾ' ಎಂಬ ಮಹಾಯಾನ ಬೌದ್ಧ ಗ್ರಂಥ ಅದು. ಇನ್ನೂರಕ್ಕೂ ಹೆಚ್ಚು ಗರಿಗಳು, ಅವುಗಳ ನಡುನಡುವೆ 85 ಪುಟ್ಟ ವರ್ಣಚಿತ್ರಗಳು. ಯಾವ ವಸ್ತುವಿಗೂ ತನ್ನದೇ ಆದ ಸ್ವಭಾವವಿಲ್ಲ, ರೂಪಕ್ಕೆ ಅಂಟಿಕೊಂಡವನಿಗೆ ಪ್ರಜ್ಞೆ ದಕ್ಕದು ಎಂಬುದನ್ನು ಬುದ್ಧ, ಸುಭೂತಿ, ಶಾರಿಪುತ್ರ, ಶಕ್ರ ಇವರೆಲ್ಲ ಸೇರಿ ಗ್ರಂಥದ ಉದ್ದಕ್ಕೂ ಚರ್ಚಿಸುತ್ತಾರೆ. ಅದೇ ಗರಿಯ ಮೇಲೆ, ಆ ಸಾಲುಗಳ ಪಕ್ಕದಲ್ಲೇ, ಕೆಂಪು ಹಳದಿ ನೀಲಿಗಳಲ್ಲಿ ಬುದ್ಧ, ತಾರೆ, ಲೋಕನಾಥ, ಸ್ತೂಪಗಳು ಕಣ್ಣಿಗೆ ಕಟ್ಟುವಂತೆ ಕುಳಿತಿವೆ. ಬರಹ ಹೇಳುವುದನ್ನು ಚಿತ್ರ ತೋರಿಸುವುದಿಲ್ಲ. ಚಿತ್ರ ತೋರಿಸುವುದರ ಮಾತನ್ನು ಬರಹ ಎತ್ತುವುದೂ ಇಲ್ಲ.

ಹಾಗಾದರೆ ಚಿತ್ರ ಬರೆಸಿದ್ದು ಯಾಕೆ? ಇಷ್ಟು ಹಣ, ಇಷ್ಟು ಬಣ್ಣ, ಇಷ್ಟು ದಿನಗಳ ದುಡಿಮೆ ಹಾಕಿ ತಯಾರಿಸಿದ ಗ್ರಂಥವನ್ನು ಯಾರಾದರೂ ಓದುತ್ತಿದ್ದರೇ? ನೂರಿಪ್ಪತ್ತು ವರ್ಷಗಳಿಂದ ವಿದ್ವಾಂಸರು ಈ ಪ್ರಶ್ನೆಯ ಸುತ್ತ ಜಗಳವಾಡುತ್ತ ಬಂದಿದ್ದಾರೆ. ಗ್ರಂಥವನ್ನು ನಕಲು ಮಾಡಿದ ಬಗೆ, ಅದು ಉಳಿದುಬಂದ ಬಗೆ, ಅದರ ಚಿತ್ರಗಳ ಉದ್ದೇಶ ಇವು ಮೂರೂ ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ಒಂದನ್ನು ಮಾತ್ರ ಬಿಡಿಸಲು ಹೊರಟವರು ಎಡವಿದ್ದೇ ಹೆಚ್ಚು.

ಗ್ರಂಥ ಮತ್ತು ಗರಿ

ಅಷ್ಟಸಾಹಸ್ರಿಕಾ ಗದ್ಯಗ್ರಂಥ. ಹೆಸರಿನಲ್ಲಿರುವ 'ಎಂಟು ಸಾವಿರ' ಪದ್ಯಗಳ ಲೆಕ್ಕವಲ್ಲ. ಮೂವತ್ತೆರಡು ಅಕ್ಷರಕ್ಕೆ ಒಂದು ಶ್ಲೋಕವೆಂದು ಗ್ರಂಥದ ಗಾತ್ರ ಅಳೆಯುವ ಹಳೆಯ ಪದ್ಧತಿ ಅದು. ಲಿಪಿಕಾರರ ಕೂಲಿಯನ್ನು ಲೆಕ್ಕ ಹಾಕಲೂ ಅನುಕೂಲ. ಅಂದರೆ ಹತ್ತಿರ ಹತ್ತಿರ ಎರಡೂವರೆ ಲಕ್ಷ ಅಕ್ಷರ, 32 ಪರಿವರ್ತಗಳು. ಗಾಂಧಾರದ ಭೂರ್ಜಪತ್ರದ ಮೇಲೆ ಕ್ರಿ.ಶ. 1–2ನೇ ಶತಮಾನಗಳಷ್ಟು ಹಿಂದಿನ ಇದರ ತುಣುಕುಗಳು ಸಿಕ್ಕಿವೆ. ಭಿಕ್ಷು ಲೋಕಕ್ಷೇಮ 179ರಲ್ಲೇ ಇದನ್ನು ಚೀನೀ ಭಾಷೆಗೆ ತಂದಿದ್ದ. ಚಿತ್ರಗಳಿರುವ ಪ್ರತಿಗಳಾದರೋ ಬಂಗಾಳ–ಬಿಹಾರದ ಪಾಲ ಅರಸರ ಕಾಲದಲ್ಲಿ, 10ನೇ ಶತಮಾನದ ಕೊನೆಯ ಹೊತ್ತಿಗೆ ಕಾಣಿಸಿಕೊಳ್ಳುತ್ತವೆ. ಗ್ರಂಥ ಹುಟ್ಟಿದ ಕಾಲಕ್ಕೂ ಚಿತ್ರ ಬಂದ ಕಾಲಕ್ಕೂ ನಡುವೆ ಸಾವಿರ ವರ್ಷಕ್ಕೆ ಹತ್ತಿರದ ಅಂತರವಿದೆ. ಮುಂದಿನ ವಾದಗಳನ್ನು ಅಳೆಯುವಾಗ ಈ ಅಂತರವನ್ನು ಮರೆಯಬಾರದು.

ನಮ್ಮ ಕಡೆಯ ಓಲೆಗರಿ ಬಲ್ಲವರಿಗೆ ಪಾಲರ ಗರಿಗಳು ಬೇರೆಯಾಗಿಯೇ ಕಾಣುತ್ತವೆ. ಕರ್ನಾಟಕದಲ್ಲಿ ರೂಢಿಯಾಗಿ ಲೋಹದ ಕಂಠದಿಂದ ಕೊರೆದು, ಆಮೇಲೆ ಮಸಿ ತೀಡಿ, ಒರೆಸುತ್ತಿದ್ದರು. ಪೂರ್ವ ಭಾರತದಲ್ಲೂ ನೇಪಾಳದಲ್ಲೂ ಲೆಕ್ಕಣಿಕೆಯಿಂದ ಮಸಿಯಲ್ಲಿ ನೇರವಾಗಿ ಬರೆಯುತ್ತಿದ್ದರು. ಅದಕ್ಕೆ ಒರಟಾದ ತಾಳೆಗಿಂತ ನುಣುಪಾದ, ಅಗಲವಾದ ಶ್ರೀತಾಳೆ ಹೆಚ್ಚು ಒಪ್ಪುತ್ತಿತ್ತು. ಗರಿಯ ಉದ್ದ ಅರ್ಧ ಮೀಟರಿಗಿಂತ ತುಸು ಹೆಚ್ಚು, ಅಗಲ ಐದಾರು ಸೆಂಟಿಮೀಟರ್. ದಾರ ಪೋಣಿಸಲು ಎರಡು ತೂತು, ಮೇಲೆ ಕೆಳಗೆ ಮರದ ಹಲಗೆ. ಲಿಪಿಕಾರ ಬರೆಯುತ್ತ ಹೋಗುವಾಗ ಚಿತ್ರಕ್ಕೆಂದು ಚೌಕ ಜಾಗ ಬಿಡುತ್ತಿದ್ದ: ಕೆಲವು ಗರಿಗಳಲ್ಲಿ ನಡುವೆ ಒಂದು, ಕೆಲವುದರಲ್ಲಿ ಮೂರು. ಆಮೇಲೆ ಚಿತ್ರಕಾರನ ಕೈಗೆ ಗರಿ ಹೋಗುತ್ತಿತ್ತು. ಹರಿತಾಳದ ಹಳದಿ, ಇಂಗಳೀಕದ ಕೆಂಪು, ನೀಲಿ, ಕಾಡಿಗೆ ಕಪ್ಪು, ಬಿಳಿ. ಆರು ಸೆಂಟಿಮೀಟರಿನೊಳಗೆ ಒಂದು ಪೂರ್ತಿ ಪರಿನಿರ್ವಾಣ, ಅಳುವ ಭಿಕ್ಷುಗಳ ಸಮೇತ! ತಾಳೆಗರಿ ಬಣ್ಣ ಹೀರುವುದಿಲ್ಲ. ಬಣ್ಣದ ಪದರ ಮೇಲೆಯೇ ಕೂತಿರುತ್ತದೆ, ಗರಿ ಬಾಗಿದಂತೆಲ್ಲ ಹೊಪ್ಪಳೆಯೇಳುತ್ತದೆ. ಇಂಥ ಗ್ರಂಥವನ್ನು ದಿನವೂ ಬಿಚ್ಚಿ ಮಗುಚಿದ್ದರೆ ಚಿತ್ರಗಳು ಈ ಸ್ಥಿತಿಯಲ್ಲಿ ಉಳಿಯುತ್ತಿರಲಿಲ್ಲ ಎಂಬುದನ್ನು ಸಂರಕ್ಷಣೆಯ ಕೆಲಸ ಮಾಡುವ ಯಾರಾದರೂ ಹೇಳಬಲ್ಲರು.

ಗ್ರಂಥದ ಕೊನೆಯ ಸಮಾಪ್ತಿ ವಾಕ್ಯಗಳು ನಮ್ಮ ಪಾಲಿನ ದೊಡ್ಡ ಆಸ್ತಿ. ಯಾವ ಅರಸನ ಎಷ್ಟನೇ ಆಳ್ವಿಕೆಯ ವರ್ಷ, ಯಾವ ವಿಹಾರ, ಬರೆಸಿದವರು ಯಾರು, ಬರೆದವರು ಯಾರು ಎಂಬುದು ಅಲ್ಲಿ ಸಿಗುತ್ತದೆ. ಪುಣ್ಯ ತಾಯಿತಂದೆಗಳಿಗೆ, ಗುರುಗಳಿಗೆ, ಸಕಲ ಜೀವರಾಶಿಗೆ ಸಲ್ಲಲಿ ಎಂಬ ಸಂಕಲ್ಪವೂ ಇರುತ್ತದೆ. ಕೋಲ್ಕತಾದ ಏಷ್ಯಾಟಿಕ್ ಸೊಸೈಟಿಯಲ್ಲಿರುವ ಒಂದು ಪ್ರತಿ ಮಹೀಪಾಲನ 6ನೇ ವರ್ಷದಲ್ಲಿ ನಾಳಂದದಲ್ಲಿ ಬರೆದದ್ದು. ಆಕ್ಸ್‌ಫರ್ಡಿನ ಬೋಡ್ಲಿಯನ್‌ನಲ್ಲಿರುವುದು ರಾಮಪಾಲನ 15ನೇ ವರ್ಷದಲ್ಲಿ, ಅದೂ ನಾಳಂದದಲ್ಲೇ. ಚಿತ್ರಕಾರನ ಹೆಸರು ಮಾತ್ರ ಹೆಚ್ಚುಕಡಿಮೆ ಎಲ್ಲೂ ಇಲ್ಲ.

ಚಿತ್ರಗಳು ಎಲ್ಲಿಂದ ಬಂದವು

ಈ ಚಿತ್ರಗಳ ಶೈಲಿಯಲ್ಲಿ ಬಾಲ್ಯದ ತೊದಲಿಲ್ಲ. ಮೊದಲ ಪ್ರತಿಗಳಲ್ಲೇ ಕೈ ಪಳಗಿದೆ, ರೇಖೆ ಹರಿಯುತ್ತದೆ, ಅಜಂತೆಯ ನೆನಪು ಬರುತ್ತದೆ. ಇದಕ್ಕೆ ಎರಡು ವಿವರಣೆಗಳಿವೆ. ಹಿಂದಿನ ಶತಮಾನಗಳಲ್ಲೂ ಚಿತ್ರಿತ ಗ್ರಂಥಗಳಿದ್ದವು, ಬಂಗಾಳದ ತೇವ ಮತ್ತು ಹುಳು ಅವನ್ನು ತಿಂದುಹಾಕಿದವು ಎಂಬುದು ಒಂದು. ಇದಕ್ಕೆ ಗಿಲ್ಗಿಟ್ ಬೆಂಬಲ ಕೊಡುತ್ತದೆ: 1931ರಲ್ಲಿ ಅಲ್ಲಿ ಸಿಕ್ಕ ಭೂರ್ಜಪತ್ರದ ಗ್ರಂಥರಾಶಿಯಲ್ಲಿ ಪಾಲರ ಪ್ರತಿಗಳಿಗಿಂತ ಶತಮಾನಗಳಷ್ಟು ಹಳೆಯ ಚಿತ್ರಿತ ಹಲಗೆಗಳಿವೆ. ಇನ್ನೊಂದು ವಿವರಣೆಯ ಪ್ರಕಾರ ಗೋಡೆ ಮತ್ತು ಬಟ್ಟೆಯ ಮೇಲೆ ಕೈ ಪಳಗಿಸಿಕೊಂಡವರನ್ನು ಒಂದು ಹೊಸ ಧಾರ್ಮಿಕ ಅಗತ್ಯ 10ನೇ ಶತಮಾನದಲ್ಲಿ ಗರಿಯ ಕಡೆಗೆ ಕರೆತಂದಿತು. ಹಲಗೆ ಚಿತ್ರಿಸುವುದೇ ಬೇರೆ, ಬರಹದ ನಡುವೆ ಚಿತ್ರ ಕೂರಿಸುವುದೇ ಬೇರೆ ಎಂಬ ಈ ಎರಡನೆಯ ಪಕ್ಷದವರ ಮಾತಿನಲ್ಲಿ ಹುರುಳಿದೆ.

ಟಿಬೆಟಿನ ಇತಿಹಾಸಕಾರ ತಾರಾನಾಥ 1608ರಲ್ಲಿ ಬರೆದ ಪುಸ್ತಕದಲ್ಲಿ ವರೇಂದ್ರದ ಧೀಮಾನ್ ಮತ್ತು ಅವನ ಮಗ ಬಿಟ್ಪಾಲೊ ಎಂಬ ಇಬ್ಬರು ಕಲಾವಿದರ ಹೆಸರು ಬರುತ್ತದೆ. ಪಾಲ ಅರಸರಾದ ಧರ್ಮಪಾಲ, ದೇವಪಾಲರ ಕಾಲದವರಂತೆ. ಕಲಾ ಇತಿಹಾಸದ ಪುಸ್ತಕಗಳು ಈ ಹೆಸರುಗಳನ್ನು ತಪ್ಪದೆ ಪಠಿಸುತ್ತವೆ. ಅವರದೆಂದು ಬೆರಳಿಟ್ಟು ತೋರಿಸಬಲ್ಲ ಒಂದು ಗೆರೆಯೂ ಉಳಿದಿಲ್ಲ.

ಫೂಷೆ ಕಂಡ ತೀರ್ಥಯಾತ್ರೆ

ಚಿತ್ರಗಳ ಅರ್ಥವನ್ನು ಮೊದಲು ಗಂಭೀರವಾಗಿ ಹುಡುಕಿದವನು ಫ್ರೆಂಚ್ ವಿದ್ವಾಂಸ ಆಲ್ಫ್ರೆಡ್ ಫೂಷೆ. 1900 ಮತ್ತು 1905ರಲ್ಲಿ ಬಂದ ಅವನ ಎರಡು ಸಂಪುಟಗಳಿಗೆ ಆಧಾರವಾದದ್ದು ಕೇಂಬ್ರಿಜ್‌ನ 1015ರ ಪ್ರತಿ ಮತ್ತು ಕೋಲ್ಕತಾದಲ್ಲಿರುವ 1071ರ ನೇಪಾಳಿ ಪ್ರತಿ. ಈ ಎರಡರಲ್ಲೂ ಒಂದು ಅಪರೂಪದ ಸಂಗತಿಯಿದೆ. ಚಿತ್ರದ ಪಕ್ಕದಲ್ಲಿ ಯಾವ ಊರಿನ ಯಾವ ದೇವರು ಎಂದು ಚಿಕ್ಕ ಅಕ್ಷರಗಳಲ್ಲಿ ಬರೆದಿದ್ದಾರೆ. ದಕ್ಷಿಣಾಪಥದ ಮೂಲವಾಸದ ಲೋಕನಾಥ, ಯವದ್ವೀಪದ ದೀಪಂಕರ, ಮಹಾಚೀನದ ಮಂಜುಘೋಷ, ಸಿಂಹಳದ, ಬಂಗಾಳದ ದೇವತೆಗಳು. ಹಿಮಾಲಯದ ತಪ್ಪಲಲ್ಲಿ ಕುಳಿತವರ ಗ್ರಂಥದೊಳಗೆ ಜಾವಾದವರೆಗಿನ ಬೌದ್ಧ ಜಗತ್ತು ಹರಡಿಕೊಂಡಿದೆ. ಇವು ಆ ಕಾಲದ ಹೆಸರಾಂತ ಕ್ಷೇತ್ರಮೂರ್ತಿಗಳ ಪ್ರತಿಕೃತಿಗಳು, ಗ್ರಂಥವು ಕೂತಲ್ಲೇ ಮಾಡುವ ಯಾತ್ರೆ ಎಂದು ಫೂಷೆ ತಿಳಿದ.

ಆ ಜಾಲ ಕಟ್ಟುಕಥೆಯಾಗಿರಲಿಲ್ಲ. ಮಂಗಳೂರಿನ ಕದಿರೆಯಲ್ಲಿ ಆಳುಪ ಅರಸ ಕುಂದವರ್ಮ 968ರಲ್ಲಿ ಪ್ರತಿಷ್ಠಾಪಿಸಿದ ಕಂಚಿನ ಲೋಕೇಶ್ವರ, ಅಂದರೆ ಲೋಕನಾಥನೇ, ಇಂದಿಗೂ ಮಂಜುನಾಥನ ದೇವಸ್ಥಾನದಲ್ಲೇ ಇದ್ದಾನೆ. ಸುಜಾತಭದ್ರ ಲೆಕ್ಕಣಿಕೆ ಹಿಡಿಯುವುದಕ್ಕೆ ಅರ್ಧ ಶತಮಾನದಷ್ಟೇ ಮುಂಚೆ ಪಶ್ಚಿಮ ಕರಾವಳಿಯಲ್ಲಿ ಇದೇ ದೇವರಿಗೆ ಅರಸರು ತಲೆಬಾಗುತ್ತಿದ್ದರು.

ಫೂಷೆಯ ವಾದಕ್ಕೆ ತೊಡಕು ಎರಡು ಕಡೆಯಿಂದ ಬಂತು. ಬೇರೆಬೇರೆ ಊರಿನವೆಂದು ಬರೆದ ಹಲವು ಲೋಕನಾಥರು ಒಬ್ಬರನ್ನೊಬ್ಬರು ತೀರಾ ಹೋಲುತ್ತಾರೆ. ಕಣ್ಣಾರೆ ಕಂಡು ಬರೆದದ್ದಕ್ಕಿಂತ ಕಾರ್ಖಾನೆಯ ಮಾದರಿಯಂತಿವೆ. ಅದಕ್ಕಿಂತ ಮುಖ್ಯವಾದದ್ದು, ಇಂಥ ಊರ ಹೆಸರುಗಳು ನಾಳಂದ, ವಿಕ್ರಮಶಿಲೆ ವಿಹಾರಗಳ ಪ್ರತಿಗಳಲ್ಲಿ ಕಾಣುವುದಿಲ್ಲ. ಅಲ್ಲಿ ಮತ್ತೆ ಮತ್ತೆ ಬರುವುದು ಬುದ್ಧನ ಬದುಕಿನ ಎಂಟು ಮಹಾಘಟನೆಗಳು: ಲುಂಬಿನಿಯ ಜನನ, ಬೋಧಗಯೆಯ ಬೋಧಿ, ಸಾರನಾಥದ ಮೊದಲ ಉಪದೇಶ, ಶ್ರಾವಸ್ತಿಯ ಪವಾಡ, ಸಾಂಕಾಶ್ಯದಲ್ಲಿ ಸ್ವರ್ಗದಿಂದ ಇಳಿದದ್ದು, ರಾಜಗೃಹದಲ್ಲಿ ನಾಲಾಗಿರಿ ಆನೆಯನ್ನು ಪಳಗಿಸಿದ್ದು, ವೈಶಾಲಿಯಲ್ಲಿ ಕೋತಿ ಜೇನು ಕೊಟ್ಟದ್ದು, ಕುಶಿನಗರದ ಪರಿನಿರ್ವಾಣ. ಅಪರೂಪದ ಎರಡು ಪ್ರತಿಗಳಿಂದ ಇಡೀ ಪರಂಪರೆಗೆ ಅಳತೆಗೋಲು ಮಾಡಿದ್ದು ಫೂಷೆಯ ಎಡವಟ್ಟು. ಆದರೆ ಮೂರ್ತಿಗಳ ಗುರುತು ಹಿಡಿಯುವ ವಿಷಯದಲ್ಲಿ ಅವನನ್ನು ಬಿಟ್ಟು ಮುಂದೆ ಹೋದವರು ಯಾರೂ ಇಲ್ಲ.

ಗ್ರಂಥವೇ ಚೈತ್ಯ

ಎರಡನೆಯ ಪಂಥ ಚಿತ್ರಗಳನ್ನು ಪಕ್ಕಕ್ಕಿಟ್ಟು ಗ್ರಂಥವನ್ನೇ ಓದಿತು, ಅಲ್ಲಿ ಉತ್ತರ ಸಿಕ್ಕಿತು. ಅಷ್ಟಸಾಹಸ್ರಿಕಾ ತನ್ನ ಪೂಜೆಯನ್ನು ತಾನೇ ವಿಧಿಸುತ್ತದೆ. ಇದನ್ನು ಬರೆಸಿ, ಹೂವು ಧೂಪ ಗಂಧ ದೀಪಗಳಿಂದ ಅರ್ಚಿಸಿದವರಿಗೆ ಸ್ತೂಪ ಕಟ್ಟಿಸಿದವರಿಗಿಂತ ಹೆಚ್ಚು ಪುಣ್ಯವೆನ್ನುತ್ತದೆ. ಬುದ್ಧನ ಧಾತುಗಳಿಂದ ತುಂಬಿದ ಜಂಬೂದ್ವೀಪ ಬೇಕೋ ಈ ಗ್ರಂಥ ಬೇಕೋ ಎಂದು ಕೇಳಿದಾಗ ಶಕ್ರ ಗ್ರಂಥವನ್ನೇ ಆರಿಸುತ್ತಾನೆ. ಕೊನೆಯ ಅಧ್ಯಾಯಗಳಲ್ಲಿ ಸದಾಪ್ರರುದಿತನೆಂಬ ಬೋಧಿಸತ್ತ್ವ ಗುರು ಧರ್ಮೋದ್ಗತನನ್ನು ಹುಡುಕಿಕೊಂಡು ಹೋಗುತ್ತಾನೆ. ಅಲ್ಲಿ ಚಿನ್ನದ ಹಾಳೆಗಳ ಮೇಲೆ ವೈಡೂರ್ಯದ ಮಸಿಯಲ್ಲಿ ಬರೆದ ಪ್ರಜ್ಞಾಪಾರಮಿತೆ ಏಳು ಮುದ್ರೆ ಒತ್ತಿದ ಪೆಟ್ಟಿಗೆಯೊಳಗಿದೆ. ದೇವತೆಗಳು ಹೂ ಸುರಿಯುತ್ತಿದ್ದಾರೆ. ಮುಂದೆ ನೇಪಾಳದಲ್ಲಿ ಕಪ್ಪು–ನೀಲಿ ಕಾಗದದ ಮೇಲೆ ಚಿನ್ನದಕ್ಷರದ ಪ್ರತಿಗಳು ಬಂದದ್ದರ ಹಿಂದೆ ಈ ಕಥೆಯ ನೆರಳಿದೆ.

1975ರಲ್ಲಿ ಗ್ರೆಗರಿ ಶೋಪೆನ್ ಇಂಥ ಭಾಗಗಳನ್ನು ಒಟ್ಟುಗೂಡಿಸಿ ಮಹಾಯಾನದ ಆರಂಭವೇ ಗ್ರಂಥಪೂಜೆಯ ಕೇಂದ್ರಗಳಲ್ಲಿ ಆಯಿತೆಂದು ವಾದಿಸಿದ. ಧಾತುಗಳಿರುವ ಸ್ತೂಪಕ್ಕೆ ಎದುರಾಳಿಯಾಗಿ ಗ್ರಂಥವಿರುವ ನೆಲ. ಮೂರು ದಶಕ ಈ ವಾದವೇ ನಡೆಯಿತು. 2007ರಲ್ಲಿ ಡೇವಿಡ್ ಡ್ರೂಸ್ ಅದೇ ವಾಕ್ಯಗಳನ್ನು ಮತ್ತೆ ಓದಿ, ಅಲ್ಲಿ ಪ್ರತ್ಯೇಕ ಕೇಂದ್ರಗಳ ಸುಳಿವೇ ಇಲ್ಲ, ಗ್ರಂಥವಿದ್ದ ಜಾಗ ರಕ್ಷಣೆ ಕೊಡುತ್ತದೆಂಬ ಹೊಗಳಿಕೆ ಅಷ್ಟೇ ಎಂದು ತೋರಿಸಿದ. ಮಹಾಯಾನದ ಹುಟ್ಟಿನ ಬಗ್ಗೆ ಡ್ರೂಸ್ ಸರಿಯೆಂದೇ ನನಗೆ ಅನಿಸುತ್ತದೆ. ಹಾಗೆಂದು ಪಾಲರ ಕಾಲದ ಗ್ರಂಥಗಳ ಮಟ್ಟಿಗೆ ಶೋಪೆನ್‌ನ ಒಳನೋಟ ಸುಳ್ಳಾಗುವುದಿಲ್ಲ. ಸಾವಿರ ವರ್ಷದ ಬಳಿಕ ಅದೇ ಸಾಲುಗಳನ್ನು ಓದಿದ ದಾನಿಗಳು ಅವನ್ನು ಅಕ್ಷರಶಃ ಪಾಲಿಸಿದರು. ಬುದ್ಧನ ಎಂಟು ಘಟನೆಗಳನ್ನು ಗರಿಯೊಳಗೆ ಕೂರಿಸಿದಾಗ ಎಂಟು ಮಹಾಕ್ಷೇತ್ರಗಳೂ ಗ್ರಂಥದೊಳಗೆ ಬಂದವು, ಗ್ರಂಥ ಸ್ತೂಪವಾಯಿತು. ಫೂಷೆಯ ತೀರ್ಥಯಾತ್ರೆಯೂ ಶೋಪೆನ್‌ನ ಚೈತ್ಯವೂ ಇಲ್ಲಿ ಕೈಕುಲುಕುತ್ತವೆ.

ನವರಾತ್ರಿಯ ಸರಸ್ವತಿ ಪೂಜೆಗೆ ಪುಸ್ತಕ ಇಟ್ಟು, ಆ ದಿನ ಓದಬಾರದೆಂಬ ನಿಯಮವನ್ನು ಸಂತೋಷದಿಂದ ಪಾಲಿಸಿದ ಕನ್ನಡದ ಮಕ್ಕಳಿಗೆ ಇದನ್ನೆಲ್ಲ ಹೆಚ್ಚು ವಿವರಿಸಬೇಕಿಲ್ಲ.

ರಕ್ಷೆ ಮತ್ತು ಮಂಡಲ

ಪ್ರತಾಪಾದಿತ್ಯ ಪಾಲ್ ಮುಂತಾದ ಕಲಾ ಇತಿಹಾಸಕಾರರು ಇನ್ನಷ್ಟು ನೇರವಾದ ಉತ್ತರ ಕೊಟ್ಟರು: ಚಿತ್ರಗಳು ತಾಯಿತದ ಹಾಗೆ, ಗ್ರಂಥವನ್ನೂ ಅದರ ಒಡೆಯನನ್ನೂ ಕಾಯುತ್ತವೆ. ಇದಕ್ಕೆ ಒಳ್ಳೆಯ ಆಧಾರ 'ಪಂಚರಕ್ಷಾ'. ಮಹಾಪ್ರತಿಸರಾ ಮೊದಲಾದ ಐದು ರಕ್ಷಾದೇವಿಯರ ಮಂತ್ರಗ್ರಂಥವದು. ಅಲ್ಲಿ ಬರಹಕ್ಕೂ ಚಿತ್ರಕ್ಕೂ ನೇರ ನಂಟು: ಯಾವ ದೇವಿಯ ಪಾಠವೋ ಅದೇ ದೇವಿಯ ಚಿತ್ರ. ನಯಪಾಲನ 14ನೇ ವರ್ಷದಲ್ಲಿ ಉದ್ದಾಕಾ ಎಂಬ ರಾಣಿ ಬರೆಸಿದ ಪಂಚರಕ್ಷಾ ಈಗ ಕೇಂಬ್ರಿಜ್‌ನಲ್ಲಿದೆ. ರೋಗ, ಹೆರಿಗೆ, ಬರಗಾಲ, ಹಾವು ಇವುಗಳ ಭಯ ಇದ್ದವರಿಗೆ ಶೂನ್ಯತೆಗಿಂತ ಇದು ಹತ್ತಿರದ್ದು. ಆದರೆ ಪಂಚರಕ್ಷಾದಿಂದ ಕಲಿತದ್ದನ್ನು ಅಷ್ಟಸಾಹಸ್ರಿಕಾಕ್ಕೆ ಹಾಗೇ ಹೊದಿಸಲು ಬರುವುದಿಲ್ಲ.

ಬರಹಕ್ಕೂ ಚಿತ್ರಕ್ಕೂ ನಂಟೇ ಇಲ್ಲವೆಂಬ ಮಾತನ್ನೂ ಪೂರ್ತಿ ನಂಬಬೇಡಿ. ಸುಧನನ ಅಲೆದಾಟದ ಕಥೆಯಾದ ಗಂಡವ್ಯೂಹದ ನೇಪಾಳಿ ಪ್ರತಿಯೊಂದರ ಗರಿಗಳು ಅಮೆರಿಕದ ಕ್ಲೀವ್‌ಲ್ಯಾಂಡ್ ಮ್ಯೂಸಿಯಂನಲ್ಲಿವೆ. ಅಲ್ಲಿ ಚಿತ್ರಗಳು ಕಥೆಯನ್ನೇ ಹೇಳುತ್ತವೆ. ಕಥೆಯಿದ್ದಲ್ಲಿ ಕಥೆಯ ಚಿತ್ರ, ಮಂತ್ರವಿದ್ದಲ್ಲಿ ದೇವತೆ. ತೊಂದರೆ ತತ್ತ್ವಗ್ರಂಥಕ್ಕೆ ಮಾತ್ರ.

ಈ ತೊಂದರೆಯನ್ನು ಹೊಸದಾಗಿ ಹಿಡಿದವರು ಜಿನಾ ಕಿಮ್. 2013ರ ತಮ್ಮ ಪುಸ್ತಕದಲ್ಲಿ ಅವರು ಬಿಡಿ ಚಿತ್ರದಿಂದ ಕಣ್ಣು ತೆಗೆದು ಇಡೀ ಕಟ್ಟನ್ನು ಒಂದು ವಸ್ತುವಾಗಿ ನೋಡಿದರು. ಯಾವ ಅಧ್ಯಾಯದ ಆರಂಭದಲ್ಲಿ ಯಾವ ಚಿತ್ರ, ಎದುರುಗರಿಯಲ್ಲಿ ಯಾರು, ಮೊದಲು ಕೊನೆ ನಡುವೆ ಎಲ್ಲೆಲ್ಲಿ ಚಿತ್ರಗಳ ಗುಂಪು ಬರುತ್ತದೆ ಎಂಬ ಲೆಕ್ಕ ಹಾಕಿದಾಗ ಒಂದು ವಿನ್ಯಾಸ ಕಾಣಿಸಿತು. ಕೆಲವು ಪ್ರತಿಗಳಲ್ಲಿ ದೇವತೆಗಳು ದಿಕ್ಕು ದಿಕ್ಕಿಗೆ ಕೂತ ಮಂಡಲದಂತೆ ಗರಿಗಳ ಮೇಲೆ ಹರಡಿದ್ದಾರೆ. ಕಟ್ಟು ಮುಚ್ಚಿದಾಗ ಒಬ್ಬರ ಮೇಲೊಬ್ಬರು ಒಂದೇ ಅಕ್ಷದಲ್ಲಿ ಸೇರುತ್ತಾರೆ. ಅಂದರೆ ಮುಚ್ಚಿಟ್ಟ ಗ್ರಂಥವೂ ಕೆಲಸ ಮಾಡುತ್ತಿರುತ್ತದೆ. 12ನೇ ಶತಮಾನದ ಹೊತ್ತಿಗೆ ಬರೆಸುವವರಲ್ಲಿ ಗೃಹಸ್ಥರು, ಅದರಲ್ಲೂ ಹೆಂಗಸರು ಹೆಚ್ಚಾದರೆಂಬುದನ್ನೂ ಅವರು ಸಮಾಪ್ತಿ ವಾಕ್ಯಗಳಿಂದ ಎತ್ತಿ ತೋರಿಸಿದರು. ನಾನು ಓದಿದ ವಾದಗಳಲ್ಲಿ ಹೆಚ್ಚು ಸಂಗತಿಗಳನ್ನು ಒಟ್ಟಿಗೆ ವಿವರಿಸುವುದು ಇದೇ. ಅದರ ಬಲಹೀನತೆ ಆಧಾರಸಾಮಗ್ರಿಯಲ್ಲಿದೆ: 20ನೇ ಶತಮಾನದ ಕಲಾಮಾರುಕಟ್ಟೆ ಎಷ್ಟೋ ಗ್ರಂಥಗಳ ಚಿತ್ರವಿರುವ ಗರಿಗಳನ್ನು ಕಿತ್ತು ಬಿಡಿಬಿಡಿಯಾಗಿ ಮಾರಿಬಿಟ್ಟಿದೆ. ಯಾವ ಚಿತ್ರ ಎಲ್ಲಿತ್ತೆಂಬ ಮಾಹಿತಿಯೇ ಹೋದ ಮೇಲೆ ವಿನ್ಯಾಸ ಹುಡುಕುವುದೆಲ್ಲಿ?

ಬೆಂಕಿಯ ಕಥೆ, ನಕಲಿನ ಕಥೆ

ಇವು ಉಳಿದದ್ದು ಹೇಗೆ ಎಂದು ಕೇಳಿದರೆ ಹೆಚ್ಚಿನವರಿಗೆ ಗೊತ್ತಿರುವ ಉತ್ತರ ಒಂದೇ: ತುರುಷ್ಕ ಸೇನಾನಿ ಬಖ್ತಿಯಾರ್ ಖಲ್ಜಿ ನಾಳಂದದ ಗ್ರಂಥಭಂಡಾರಕ್ಕೆ ಬೆಂಕಿಯಿಟ್ಟ, ಭಿಕ್ಷುಗಳು ಕೈಗೆ ಸಿಕ್ಕ ಗ್ರಂಥ ಹಿಡಿದು ನೇಪಾಳ–ಟಿಬೆಟ್‌ಗೆ ಓಡಿದರು. ಆಧಾರಗಳನ್ನು ಒಂದೊಂದಾಗಿ ನೋಡಿದರೆ ಕಥೆ ಅಷ್ಟು ನೇರವಾಗಿಲ್ಲ. ಪರ್ಷಿಯನ್ ಇತಿಹಾಸಕಾರ ಮಿನ್ಹಾಜ್ ಹೇಳುವುದು 'ಬಿಹಾರ' ಎಂಬ ಕೋಟೆಯ ವಿಷಯ. ಬೋಳುತಲೆಯವರನ್ನು ಕೊಂದದ್ದು, ಆಮೇಲೆ ಸಿಕ್ಕ ರಾಶಿ ಪುಸ್ತಕಗಳನ್ನು ಓದಿ ಹೇಳಲು ಒಬ್ಬನೂ ಉಳಿದಿರದಿದ್ದದ್ದು. ಅದು ಓದಂತಪುರಿ ಇರಬೇಕೆಂದು ಹೆಚ್ಚಿನವರ ಮತ. ನಾಳಂದದ ಹೆಸರಾಗಲಿ ಪುಸ್ತಕ ಸುಟ್ಟ ಮಾತಾಗಲಿ ಅಲ್ಲಿಲ್ಲ. ನಾಳಂದದ ಗ್ರಂಥಾಲಯ ಬೆಂಕಿಗೆ ಆಹುತಿಯಾದ ಕಥೆ ಬರುವುದು ಬಹಳ ತಡವಾದ ಟಿಬೆಟನ್ ಇತಿಹಾಸಗಳಲ್ಲಿ, ಅಲ್ಲಿ ಬೆಂಕಿಗೆ ಕಾರಣರು ಇಬ್ಬರು ತೀರ್ಥಿಕ (ಬೌದ್ಧರಲ್ಲದ) ಭಿಕ್ಷುಕರು. ಈ ಎರಡನ್ನೂ ಬೆರೆಸಿ ಪಠ್ಯಪುಸ್ತಕದ ಕಥೆ ತಯಾರಾಯಿತು. ಹಾಗೆಂದು ತುರುಷ್ಕರ ದಾಳಿ ಏನೂ ಮಾಡಲಿಲ್ಲ ಎಂದು ಇನ್ನೊಂದು ತುದಿಗೆ ಹೋಗುವವರದೂ ಸುಳ್ಳೇ. ಟಿಬೆಟಿನ ಯಾತ್ರಿಕ ಧರ್ಮಸ್ವಾಮಿ 1234–36ರಲ್ಲಿ ಬಂದಾಗ ವಿಕ್ರಮಶಿಲೆ ನೆಲಸಮವಾಗಿತ್ತು. ನಾಳಂದದಲ್ಲಿ ತೊಂಬತ್ತು ದಾಟಿದ ರಾಹುಲಶ್ರೀಭದ್ರ ಸುಮಾರು ಎಪ್ಪತ್ತು ಶಿಷ್ಯರಿಗೆ ಪಾಠ ಹೇಳುತ್ತಿದ್ದ. ಸೈನಿಕರು ಬರುವ ಸುದ್ದಿ ಬಂದಾಗ ಧರ್ಮಸ್ವಾಮಿ ಮುದಿಗುರುವನ್ನು ಬೆನ್ನ ಮೇಲೆ ಹೊತ್ತು ಅಡಗಿಸಿದ.

ಇದಕ್ಕೆ ಪ್ರತಿಯಾಗಿ ನಿಲ್ಲುವ ವಾದ ಹೆಚ್ಚು ನೀರಸ, ನನ್ನ ಪ್ರಕಾರ ಹೆಚ್ಚು ಸತ್ಯ. ಓಲೆಗರಿಗೆ ಪೂರ್ವ ಭಾರತದ ಹವೆಯಲ್ಲಿ ಆಯುಸ್ಸು ಕಡಿಮೆ. ಕೆಲವು ತಲೆಮಾರಿಗೊಮ್ಮೆ ನಕಲು ಮಾಡದಿದ್ದರೆ ಗ್ರಂಥ ತಾನಾಗಿಯೇ ಸಾಯುತ್ತದೆ. ವಿಹಾರಗಳಿಗೆ ದತ್ತಿ ನಿಂತಿತು, ಲಿಪಿಕಾರನಿಗೆ ಕೂಲಿ ಕೊಡುವವರಿಲ್ಲವಾಯಿತು, ನಕಲು ನಿಂತಿತು. ಬೆಂಕಿ ಬೇಕಾಗಲೇ ಇಲ್ಲ. ಕರ್ನಾಟಕವೇ ಇದಕ್ಕೆ ಸಾಕ್ಷಿ. ಬಳ್ಳಿಗಾವೆಯಲ್ಲಿ 1065ರಲ್ಲಿ ಬೌದ್ಧ ವಿಹಾರ ಎದ್ದಿತು, ಡಂಬಳದಲ್ಲಿ 1095ರ ಶಾಸನ ತಾರೆಯನ್ನು ಸ್ತುತಿಸುತ್ತದೆ. ಅಲ್ಲಿ ಗ್ರಂಥಗಳು ಇದ್ದಿರಲೇಬೇಕು, ಇಂದು ಒಂದು ಗರಿಯೂ ಇಲ್ಲ. ಅದೇ ನಾಡಿನಲ್ಲಿ ಜೈನರ ಕೈಯಲ್ಲಿ ಏನಾಯಿತು ನೋಡಿ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿದ ಅತ್ತಿಮಬ್ಬೆಯ ಹೆಸರು ಇಂದಿಗೂ ಮನೆಮಾತು. 12ನೇ ಶತಮಾನದ ಆದಿಭಾಗದ, ಹಳಗನ್ನಡ ಲಿಪಿಯ, ಚಿತ್ರಗಳಿಂದ ಕೂಡಿದ ಧವಲಾ ಗ್ರಂಥಗಳು ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಉಳಿದವು. ಶತಮಾನಗಳ ಕಾಲ ಭಕ್ತರು ಅವುಗಳ ದರ್ಶನ ಮಾಡಿದರು, ಓದಲಿಲ್ಲ; ಪ್ರತಿ ಮಾಡಲು ಒಪ್ಪಿಗೆ ಸಿಕ್ಕಿದ್ದೇ 19ನೇ ಶತಮಾನದ ಕೊನೆಯಲ್ಲಿ, ಹೀರಾಲಾಲ್ ಜೈನರ ಸಂಪಾದನೆಯಲ್ಲಿ ಅಚ್ಚು ಶುರುವಾದದ್ದು 1939ರಲ್ಲಿ. ದಕ್ಷಿಣದ ಬೌದ್ಧರಿಗೂ ಒಂದು ಮೂಡಬಿದಿರೆ ಇದ್ದಿದ್ದರೆ ಈ ಲೇಖನದ ಅರ್ಧ ಪ್ರಶ್ನೆಗಳಿಗೆ ಉತ್ತರವಿರುತ್ತಿತ್ತು.

ಇನ್ನು ಹೊರಹೋದ ಗ್ರಂಥಗಳ ಮಾತು. ಅವು ದಾಳಿಯ ರಾತ್ರಿ ಹೊರಟವಲ್ಲ. 10–11ನೇ ಶತಮಾನದಿಂದಲೇ ರಿಂಚೆನ್ ಸಂಗ್ಪೊನಂಥ ಟಿಬೆಟನ್ ಅನುವಾದಕರು ಕಾಶ್ಮೀರಕ್ಕೆ, ಇನ್ನು ಕೆಲವರು ಮಗಧಕ್ಕೆ ಬಂದು ಗ್ರಂಥ ಸಂಪಾದಿಸಿ ಒಯ್ಯುತ್ತಿದ್ದರು. 1042ರಲ್ಲಿ ಟಿಬೆಟಿಗೆ ಹೋದ ಅತೀಶ, ಸಮ್ಯೆ ಮಠದ ಭಂಡಾರದಲ್ಲಿ ಭಾರತದಲ್ಲೂ ಕಾಣದ ಸಂಸ್ಕೃತ ಗ್ರಂಥಗಳನ್ನು ಕಂಡು ಬೆರಗಾದನೆಂದು ಅವನ ಚರಿತ್ರೆಗಳು ಹೇಳುತ್ತವೆ. 1204ರಲ್ಲಿ ಟಿಬೆಟ್ ಸೇರಿದ ಶಾಕ್ಯಶ್ರೀಭದ್ರನಂಥವರು ಮಾತ್ರ ನಿಜಕ್ಕೂ ನಿರಾಶ್ರಿತರು. ಬಿಹಾರದಲ್ಲೂ ಎಲ್ಲವೂ ಒಂದೇ ಸಲ ಮುಗಿಯಲಿಲ್ಲ: ಅಲ್ಲಿ 1446ರಲ್ಲಿ ನಕಲಾದ ಕಾಲಚಕ್ರತಂತ್ರದ ಪ್ರತಿ ಕೇಂಬ್ರಿಜ್‌ನಲ್ಲಿದೆ. ನಾಳಂದ ಹಾಳಾಗಿ ಎರಡು ಶತಮಾನ ಕಳೆದ ಮೇಲೂ ಬೌದ್ಧಗ್ರಂಥ ಬರೆಸುವವರು ಅಲ್ಲಿದ್ದರು.

ಕಾಠ್ಮಂಡುವಿನಿಂದ ಹೊರಜಗತ್ತಿಗೆ

ಯುರೋಪಿಗೆ ಇವು ಗೊತ್ತಾದದ್ದು ಕಾಠ್ಮಂಡುವಿನ ಬ್ರಿಟಿಷ್ ರೆಸಿಡೆನ್ಸಿಯ ಮೂಲಕ. 1820ರ ದಶಕದಲ್ಲಿ ಅಲ್ಲಿದ್ದ ಬ್ರಯನ್ ಹಾಡ್ಜ್‌ಸನ್, ಪಾಟಣದ ಪಂಡಿತ ಅಮೃತಾನಂದನ ನೆರವಿನಿಂದ ಗ್ರಂಥ ಸಂಗ್ರಹಿಸಿ ಕೋಲ್ಕತಾ, ಲಂಡನ್, ಪ್ಯಾರಿಸ್‌ಗೆ ಕಳಿಸಿದ. ಪ್ಯಾರಿಸ್‌ನಲ್ಲಿ ವಿದ್ವಾಂಸ ಬುರ್ನೂಫ್ ಅವನ್ನೋದಿ 1844ರಲ್ಲಿ ಭಾರತೀಯ ಬೌದ್ಧಧರ್ಮದ ಮೊದಲ ಇತಿಹಾಸ ಬರೆದ. 1870ರ ದಶಕದಲ್ಲಿ ರೆಸಿಡೆನ್ಸಿಯ ಡಾಕ್ಟರ್ ಡೇನಿಯಲ್ ರೈಟ್ ಕೊಂಡ ಗ್ರಂಥಗಳೇ ಕೇಂಬ್ರಿಜ್ ಸಂಗ್ರಹದ ಬುನಾದಿ. ಕೋಲ್ಕತಾದಲ್ಲಿ ರಾಜೇಂದ್ರಲಾಲ್ ಮಿತ್ರರು 1888ರ ಹೊತ್ತಿಗೆ ಅಷ್ಟಸಾಹಸ್ರಿಕಾವನ್ನು ಅಚ್ಚು ಹಾಕಿಸಿದರು. ಟಿಬೆಟಿನ ಬಾಗಿಲು ತಟ್ಟಿದವರು ರಾಹುಲ ಸಾಂಕೃತ್ಯಾಯನ. 'ವೋಲ್ಗಾ ಗಂಗಾ' ಬರೆದವರೆಂದು ಕನ್ನಡಿಗರು ಬಲ್ಲ ಅದೇ ರಾಹುಲರು. 1929ರಿಂದ 1938ರವರೆಗೆ ನಾಲ್ಕು ಸಲ ಹೋಗಿ ಸಾಕ್ಯ, ಙೋರ್, ಶಲು ಮಠಗಳ ಸಂಸ್ಕೃತ ಓಲೆಗಳನ್ನು ಹುಡುಕಿ, ಕೆಲವನ್ನು ಕೈಯಾರೆ ನಕಲು ಮಾಡಿ, ಕೆಲವುದರ ಫೋಟೋ ತೆಗೆದು ಪಟ್ನಾಕ್ಕೆ ತಂದರು. 1970ರಿಂದ ಮೂರು ದಶಕ ನಡೆದ ನೇಪಾಳ–ಜರ್ಮನ್ ಯೋಜನೆ ಸುಮಾರು 1,80,000 ಹಸ್ತಪ್ರತಿಗಳನ್ನು ಮೈಕ್ರೋಫಿಲ್ಮ್ ಮಾಡಿತು.

ಪೂಜೆಯೂ ಕಾಯುತ್ತದೆ, ಕೆಡಿಸುತ್ತದೆ

ಪಾಟಣದ ಕ್ವಾ ಬಹಾಲ್, ಪ್ರವಾಸಿಗರ 'ಚಿನ್ನದ ದೇವಸ್ಥಾನ', ಈ ಪರಂಪರೆ ಇನ್ನೂ ಉಸಿರಾಡುವ ಜಾಗ. ಕಪ್ಪು ಕಾಗದದ ಮೇಲೆ ಚಿನ್ನದ ಅಕ್ಷರದ 13ನೇ ಶತಮಾನದ ಅಷ್ಟಸಾಹಸ್ರಿಕಾ ಅಲ್ಲಿದೆ. ಮನೆಯಲ್ಲಿ ಕಾಯಿಲೆಯೋ ಹರಕೆಯೋ ಇದ್ದವರು ಪಾರಾಯಣ ಮಾಡಿಸುತ್ತಾರೆ. ಮಾನವಶಾಸ್ತ್ರಜ್ಞ ಡೇವಿಡ್ ಗೆಲ್ನರ್ ಇದನ್ನು ವಿವರವಾಗಿ ದಾಖಲಿಸಿದ್ದಾರೆ: ಹಾಳೆಗಳನ್ನು ಹಲವು ವಜ್ರಾಚಾರ್ಯ ಪುರೋಹಿತರು ಹಂಚಿಕೊಂಡು ಒಂದೇ ಹೊತ್ತಿಗೆ ಬೇರೆಬೇರೆ ಭಾಗಗಳನ್ನು ಓದುತ್ತಾರೆ. ಗ್ರಂಥ ಪೂರ್ತಿ ಉಚ್ಚಾರವಾಗುತ್ತದೆ. ಪೂರ್ತಿಯಾಗಿ ಕೇಳಿದವರು ಯಾರೂ ಇರುವುದಿಲ್ಲ. ಓದು–ಪೂಜೆ ಎಂದು ಎರಡು ಪೆಟ್ಟಿಗೆ ಮಾಡಿಕೊಂಡು ಕೂತ ವಿದ್ವತ್ತಿಗೆ ಇದನ್ನು ಯಾವುದರಲ್ಲಿ ಹಾಕಬೇಕೆಂದು ತೋಚುವುದಿಲ್ಲ.

ಸಂರಕ್ಷಣೆಯ ಜಗಳವೂ ಇಲ್ಲಿಯೇ. ಸವೆದ ಚಿನ್ನದ ಅಕ್ಷರಗಳನ್ನು ಅಧಿಕಮಾಸದಲ್ಲಿ ಮತ್ತೆ ತಿದ್ದುವ ಪದ್ಧತಿಯಿದೆ; ಕ್ರಿಸ್ಟೋಫ್ ಎಮ್ಮರಿಷ್ ಇದರ ಬಗ್ಗೆ ಬರೆದಿದ್ದಾರೆ. ಮ್ಯೂಸಿಯಂನವರ ಕಣ್ಣಿಗೆ ಇದು ಮೂಲವನ್ನು ಅಳಿಸುವ ಕೆಲಸ. ವಿಹಾರದವರಿಗೆ ಅದು ದೇವರ ಅಲಂಕಾರ, ಪುಣ್ಯದ ಸೇವೆ. ಹಳೆಯ ಹಲಗೆಗಳ ಮೇಲೆ ಶತಮಾನಗಳ ಸಿಂಧೂರ, ಗಂಧ, ಅಕ್ಷತೆ ಹೆಪ್ಪುಗಟ್ಟಿ ಕೆಳಗಿನ ಚಿತ್ರವೇ ಕಾಣದಂತಾಗಿರುವುದುಂಟು. ಆ ಪದರವನ್ನು ಕೆರೆದು ತೆಗೆಯಬೇಕೆ? ತೆಗೆದರೆ ಚಿತ್ರ ಸಿಗುತ್ತದೆ, ಅದು ಪೂಜೆಗೊಂಡ ಇತಿಹಾಸ ಹೋಗುತ್ತದೆ. ಕೇಂಬ್ರಿಜ್‌ನ 1015ರ ಪ್ರತಿಯನ್ನೇ ನೋಡಿ: ಬರೆದು ನೂರಕ್ಕೂ ಹೆಚ್ಚು ವರ್ಷವಾದ ಮೇಲೆ ಕರುಣಾವಜ್ರ ಎಂಬಾತ, ಶ್ರದ್ಧೆಯಿಲ್ಲದವರ ಕೈಗೆ ಬಿದ್ದಿದ್ದ ಈ ಗ್ರಂಥವನ್ನು ಬಿಡಿಸಿ ತಂದೆನೆಂದು ಅದರಲ್ಲೇ ಬರೆದಿಟ್ಟಿದ್ದಾನೆ. ಅವನಿಗೆ ಅದು ಕಲಾಕೃತಿಯಾಗಿದ್ದರೆ ಆ ತೊಂದರೆ ತೆಗೆದುಕೊಳ್ಳುತ್ತಿದ್ದನೇ?

ನನ್ನ ಅಭಿಪ್ರಾಯದ ತಿರುಳು ಇಲ್ಲಿದೆ. ನಮ್ಮ ಕೈಗೆ ಬಂದದ್ದು ಪೂಜೆಗೊಂಡ ಗ್ರಂಥಗಳು. ನಾಳಂದದ ವಿದ್ಯಾರ್ಥಿ ಬೆರಳಿಗೆ ಮಸಿ ಮೆತ್ತಿಕೊಂಡು ಓದಿ, ಅಂಚಿನಲ್ಲಿ ಗೀಚಿ, ಸವೆಸಿದ ಸಾದಾ ಪ್ರತಿ ಮಣ್ಣಾಯಿತು. ಉಳಿದವುಗಳನ್ನು ನೋಡಿ 'ಬೌದ್ಧರು ಗ್ರಂಥವನ್ನು ಪೂಜಿಸುತ್ತಿದ್ದರು, ಓದುತ್ತಿರಲಿಲ್ಲ' ಎಂದು ತೀರ್ಪು ಕೊಡುವುದು ಆತುರ. ಟಿಬೆಟಿನಲ್ಲಿ ಸಿಕ್ಕ ತರ್ಕಗ್ರಂಥಗಳ ಸಾದಾ ಗರಿಗಳು ಓದಿದವರ ಜಗತ್ತಿನ ಚೂರುಗಳು; ಅವಕ್ಕೆ ಚಿತ್ರವಿಲ್ಲದ ಕಾರಣ ಕಲಾ ಇತಿಹಾಸದ ಪುಸ್ತಕಗಳಲ್ಲಿ ಜಾಗವೂ ಇಲ್ಲ.

ತೀರ್ಮಾನವಾಗದೆ ಉಳಿದವು

ಚಿತ್ರಕಾರರು ವಿಹಾರದೊಳಗಿನ ಭಿಕ್ಷುಗಳೋ ಊರಿನ ಕಸುಬುದಾರರೋ ಎಂಬುದು ಇನ್ನೂ ಗೊತ್ತಾಗಿಲ್ಲ. ನಾಳಂದದ ಹೆಸರು ಹೊತ್ತ ಪ್ರತಿಗಳ ನಡುವೆಯೇ ಕೈವಾಡ ಬೇರೆಬೇರೆಯಾಗಿ ಕಾಣುವುದರಿಂದ ಒಂದೇ ಕಾರ್ಯಾಗಾರವಿತ್ತೆಂಬ ಹಳೆಯ ಊಹೆ ಅಲುಗಾಡುತ್ತಿದೆ. ಬರಹದ ವರ್ಷವೇ ಚಿತ್ರದ ವರ್ಷವೇ? ಬಿಟ್ಟ ಜಾಗವನ್ನು ದಶಕಗಳ ಬಳಿಕ ಇನ್ನೊಬ್ಬ ದಾನಿ ತುಂಬಿಸಿರುವ ಸಾಧ್ಯತೆಯನ್ನು ಪ್ರತಿಯೊಂದು ಪ್ರತಿಗೂ ಬೇರೆಬೇರೆಯಾಗಿ ಪರೀಕ್ಷಿಸಬೇಕಾಗಿದೆ. ಗರಿಗೆ ಗಾಯ ಮಾಡದೆ ಬಣ್ಣದ ಖನಿಜ ಗುರುತಿಸುವ ಉಪಕರಣಗಳು ಈಗ ಬಂದಿರುವುದರಿಂದ, ನೇಪಾಳದ್ದು ಯಾವುದು ಮಗಧದ್ದು ಯಾವುದು ಎಂಬ ವಾದ ಶೈಲಿಯ ಮಾತಿನಿಂದ ಮುಂದೆ ಹೋಗಬಹುದು.

ಅತಿ ದೊಡ್ಡ ಅಡೆತಡೆ ಟಿಬೆಟಿನಲ್ಲಿದೆ. ಅಲ್ಲಿನ ಸಂಸ್ಕೃತ ಹಸ್ತಪ್ರತಿಗಳಲ್ಲಿ ಕೆಲವು, ಬೀಜಿಂಗ್‌ನ ಟಿಬೆಟಾಲಜಿ ಕೇಂದ್ರ ಮತ್ತು ಆಸ್ಟ್ರಿಯನ್ ವಿಜ್ಞಾನ ಅಕಾಡೆಮಿಯ 2004ರ ಒಪ್ಪಂದದ ಫಲವಾಗಿ, ಸಂಪಾದನೆಗೊಂಡು ಹೊರಬಂದಿವೆ. ಅವು ಹೆಚ್ಚಾಗಿ ತತ್ತ್ವ–ತರ್ಕಗಳ ಪಠ್ಯಗಳು. ಚಿತ್ರಿತ ಗರಿಗಳ ಪೂರ್ತಿ ಪಟ್ಟಿ ವಿದ್ವಾಂಸರ ಕೈಗೆ ಬರುವ ತನಕ, 10ನೇ ಶತಮಾನಕ್ಕಿಂತ ಹಿಂದೆ ಬರಹದ ನಡುವೆ ಚಿತ್ರ ಬರೆಯುತ್ತಿದ್ದರೇ ಇಲ್ಲವೇ ಎಂಬ ಮೊದಲ ಪ್ರಶ್ನೆಯೂ ಫೂಷೆ ಬಿಟ್ಟುಹೋದಲ್ಲೇ ನಿಂತಿರುತ್ತದೆ. ಮಾರುಕಟ್ಟೆಯಲ್ಲಿ ಚದುರಿದ ಗರಿಗಳನ್ನು ಡಿಜಿಟಲ್ ಚಿತ್ರಗಳ ಮೂಲಕ ಒಂದೇ ಕಟ್ಟಿಗೆ ಮರಳಿ ಸೇರಿಸುವ ಕೆಲಸ ಅಲ್ಲಲ್ಲಿ ಶುರುವಾಗಿದೆ. ಒಂದು ಗ್ರಂಥದ ಗರಿಗಳು ನಾಲ್ಕು ದೇಶಗಳಲ್ಲಿದ್ದಾಗ ಅದನ್ನು ಯಾರ ಗ್ರಂಥವೆಂದು ಕರೆಯಬೇಕು, ಕ್ವಾ ಬಹಾಲ್‌ನಂಥ ವಿಹಾರ ತನ್ನ ಗರಿಯನ್ನು ಪೂಜೆಗೆಂದು ಮರಳಿ ಕೇಳಿದರೆ ಏನು ಹೇಳಬೇಕು ಎಂಬುದಕ್ಕೆ ಮ್ಯೂಸಿಯಂಗಳಲ್ಲಿ ಒಪ್ಪಿತ ಉತ್ತರವಿಲ್ಲ.